ಬದು ದಾಟಿದ ಹೆಸರು

ನನ್ನನ್ನು ವೇದಿಕೆಗೆ ಕರೆಯುವ ಮೊದಲು ನಿರೂಪಕರು ಒಂದು ಬಿರುದು ಹೇಳುತ್ತಾರೆ. ಊರಿಗೊಂದು ಬಿರುದು. ಹಡಗಲಿಯಲ್ಲಿ ನಾನು ಕೋಗಿಲೆ, ಹರಪನಹಳ್ಳಿಯಲ್ಲಿ ರಾಣಿ, ಕಾನಹೊಸಹಳ್ಳಿಯಲ್ಲಿ ಒಮ್ಮೆ ಹೆಣ್ಣುಹುಲಿಯೂ ಆಗಿದ್ದೆ. ಆಮೇಲೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಮೇಲೆ ನಾಲ್ಕು ಸೇಬು, ಕೆಳಗೆ ಪೂರಾ ಹಳೇ ಪೇಪರು. ಹನ್ನೊಂದು ವರ್ಷದಿಂದ ಇದೇ ನಡೆದಿದೆ. ಶಾಲುಗಳನ್ನು ನಮ್ಮಪ್ಪ ಈರುಳ್ಳಿ ರಾಶಿಯ ಮೇಲೆ ಹೊದಿಸುತ್ತಾನೆ. ಅಷ್ಟಾದರೂ ಉಪಯೋಗಕ್ಕೆ ಬಂದವಲ್ಲ ಎಂದು ನನಗೆ ಸಮಾಧಾನ.

ನಾನು ಹಾಡಿದ ಹಾಡುಗಳು ಇನ್ನೂರರ ಮೇಲಿವೆ ಎಂದು ನನ್ನ ಚಾನೆಲ್ಲಿನಲ್ಲಿ ಬರೆದಿದೆ. ಜನರಿಗೆ ಬೇಕಾದದ್ದು ಒಂದೇ. ಉಳಿದವನ್ನು ಹಾಡುವಾಗ ಅವರು ಕಡಲೆಕಾಯಿ ತಿನ್ನುತ್ತಾರೆ, ಮೊಬೈಲು ನೋಡುತ್ತಾರೆ, ಎದ್ದು ಹೋಗಿ ಬರುತ್ತಾರೆ. ಆ ಒಂದು ಹಾಡು ಶುರುವಾದರೆ ಕುರ್ಚಿಗಳೇ ಉಳಿಯುವುದಿಲ್ಲ.

ಆ ಒಂದು ಹಾಡು ನನ್ನದಲ್ಲ. ಅದು ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಒಬ್ಬ ಹೆಂಗಸಿನದು. ನಾನು ಅದನ್ನು ಒಯ್ದ ಮೇಲೆ ಅವಳು ಹಾಡುವುದನ್ನೇ ಬಿಟ್ಟಳು. ಸಾಲದ್ದಕ್ಕೆ ಅವಳಿಗೆ ಬೇಡವಾದ ಒಬ್ಬ ಮನುಷ್ಯ ಬಂದು ಅವಳ ಮನೆಯಲ್ಲಿ ಕೂತ. ಅವನು ಬಂದದ್ದು ನನ್ನಿಂದ. ಅವನನ್ನು ಹೊರಗೆ ಕಳಿಸಿ ಅವಳ ಮನೆ ಅವಳಿಗೆ, ಅವಳ ದನಿ ಅವಳಿಗೆ ಬಿಟ್ಟುಕೊಡಬೇಕಾದವಳು ನಾನೇ ಎಂದು ತಿಳಿಯುವುದಕ್ಕೆ ಈ ರಾಣಿಗೆ, ಈ ಹುಲಿಗೆ ಏಳು ವರ್ಷ ಬೇಕಾಯಿತು.

ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಒಂದು ಹೆಸರನ್ನು ಊರ ತುಂಬ ಹಾಡಿ ಮಾಡಿದ್ದು ಸಾಕಾಗಿದೆ.

ನಮ್ಮ ಊರು ಕೊಟ್ಟೂರಿನಿಂದ ಉಜ್ಜಿನಿಯ ದಾರಿ ಹಿಡಿದರೆ ಎಡಕ್ಕೆ ಒಳಗಿದೆ. ಬೋರಿನ ನೀರಲ್ಲಿ ಈರುಳ್ಳಿ ಬೆಳೆಯುತ್ತೇವೆ. ನಾನು ಕೊಟ್ಟೂರಿನಲ್ಲಿ ಬಿ.ಎ. ಓದುತ್ತಿದ್ದಾಗ ರಜೆಯಲ್ಲಿ ಹೊಲಕ್ಕೆ ಹೋಗುತ್ತಿದ್ದೆ. ಹೋಗಿ ಏನು ಕಡಿದು ಕಟ್ಟೆ ಹಾಕುತ್ತಿದ್ದೆ ಎಂದು ಕೇಳಬೇಡಿ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಬಿಸಿಲಿಗೆ ಮೈ ಕಪ್ಪಾಗುತ್ತದೆ ಎಂದು ಅವ್ವ ಕೊಡೆ ಬೇರೆ ಕಳಿಸುತ್ತಿದ್ದಳು. ನೆರಳಲ್ಲಿ ಕೊಡೆ ಹಿಡಿದು ಕೂತ ಹುಡುಗಿಯನ್ನು ನೆನೆಸಿಕೊಂಡರೆ ಈಗಲೂ ಎದ್ದು ಹೋಗಿ ನಾಲ್ಕು ಬಾರಿಸಬೇಕು ಅನಿಸುತ್ತದೆ.

ಈರುಳ್ಳಿ ಪಾತಿಗಳಲ್ಲಿ, ನಮ್ಮ ಮಾತಲ್ಲಿ ಮಡಿಗಳಲ್ಲಿ, ಹತ್ತು ಹನ್ನೊಂದು ಜನ ಹೆಂಗಸರು ಸಾಲು ಹಿಡಿದು ಕುಕ್ಕರಗಾಲಲ್ಲಿ ಮುಂದೆ ಸರಿಯುತ್ತಿದ್ದರು. ಸಾಲಿನ ತುದಿಗೆ ಒಬ್ಬಳು, ಅವಳೇ ಸಾಲಿನ ಯಜಮಾನಿ. ಊರೆಲ್ಲ ಅವಳನ್ನು ಚಿಗವ್ವ ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಆಗ ಅವಳಿಗೆ ನಲವತ್ತೈದರ ಮೇಲೆ. ಯಾರೂ ಹಿಂದೆ ಬೀಳದ ಹಾಗೆ, ಯಾರೂ ಮುಂದೆ ಓಡದ ಹಾಗೆ ಸಾಲನ್ನು ಹಿಡಿದಿಡುವುದು ಅವಳ ಕೆಲಸ. ಅದಕ್ಕೆ ಅವಳು ಹಾಡುತ್ತಿದ್ದಳು. ಒಂದು ಸಾಲು ಅವಳು ಹೇಳಿದರೆ ಉಳಿದವರು ಎತ್ತಿಕೊಳ್ಳುತ್ತಿದ್ದರು.

*ಸಾಲು ಸಾಲಿಗೆ ಬಂದಿ, ಸಂದಿ ಸಂದಿಗೆ ನಿಂದಿ,*
*ಯಾರು ಕರದಾರ ನಿನ್ನ ಈ ಮಡಿಗೆ?*

ಹೀಗೆ ಎರಡು ನುಡಿ. ಎರಡನೆಯದರ ಕೊನೆಗೆ ಒಬ್ಬ ಗಂಡಸಿನ ಹೆಸರು. ಹೆಸರು ಬಂದಾಗ ದನಿ ಇದ್ದಕ್ಕಿದ್ದಂತೆ ಏರುತ್ತಿತ್ತು, ಹನ್ನೊಂದು ಬಾಯಿ ಒಟ್ಟಿಗೆ ಅದನ್ನು ಹೇಳುತ್ತಿದ್ದವು, ಆಮೇಲೆ ಒಂದು ನಗು. ಮರದ ಕೆಳಗೆ ಕೂತ ನನಗೆ ಮೈ ಜುಮ್ಮೆನ್ನುತ್ತಿತ್ತು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಸೀಮಂತದಲ್ಲಿ ಎಲ್ಲರೂ ಅಡ್ಡಗಟ್ಟಿ ನಿಂತು ಪೀಡಿಸಿದಾಗ ಒಡಪು ಎಂಬ ಪ್ರಾಸದ ನುಡಿ ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳುತ್ತಾಳೆ. ಹೇಳಿ ಸೆರಗಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಚಿಗವ್ವನದೂ ಅದೇ ಎಂದುಕೊಂಡೆ. ಅವಳ ಗಂಡ ಹತ್ತು ಹನ್ನೆರಡು ವರ್ಷದ ಹಿಂದೆ ಲಾರಿಯ ಮೇಲೆ ಹೋದವನು ಹರಪನಹಳ್ಳಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಹೂಡಿದ್ದ, ಅಷ್ಟು ನನಗೆ ಗೊತ್ತಿತ್ತು. ಬಿಟ್ಟು ಹೋದವನ ಹೆಸರನ್ನು ಇನ್ನೂ ಒಡಪಿನಲ್ಲಿಟ್ಟು ಹಾಡುತ್ತಾಳಲ್ಲ, ಎಂಥ ಪ್ರೀತಿ, ಎಂಥ ಮುಗ್ಧ ಮನಸ್ಸು! ಕಾಲೇಜಿನಲ್ಲಿ ಮೇಷ್ಟ್ರು ಹಳ್ಳಿ ಹೆಂಗಸರ ಮುಗ್ಧ ಮನಸ್ಸಿನ ಬಗ್ಗೆ ನೋಟ್ಸ್ ಬರೆಸಿದ್ದರು. ನಾನು ಆ ನೋಟ್ಸನ್ನು ಚಿಗವ್ವನ ಮೇಲೆ ಹೊದಿಸಿ, ಫೋನಿನಲ್ಲಿ ಅವಳ ಹಾಡನ್ನು ರೆಕಾರ್ಡ್ ಮಾಡಿಕೊಂಡೆ. ಕೇಳಲಿಲ್ಲ. ಕೇಳಬೇಕು ಎಂದು ತಲೆಗೇ ಹೊಳೆಯಲಿಲ್ಲ. ನಮ್ಮ ಹೊಲ, ನಮ್ಮ ಕೂಲಿಯವರು, ನಮ್ಮ ಗಾಳಿಯಲ್ಲಿ ಬಂದ ಹಾಡು.

ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮೊಬೈಲ್ ಅಂಗಡಿಯ ಹಿಂದೆ ಸ್ಟುಡಿಯೋ ಇತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಒಂದು ಕೋಣೆ. ಕತ್ತಲಲ್ಲೂ ಕರಿ ಕನ್ನಡಕ ತೆಗೆಯದ ಸ್ಟುಡಿಯೋ ಮಾಲೀಕ ನನ್ನ ರೆಕಾರ್ಡಿಂಗ್ ಕೇಳಿ ತಲೆ ಕೆರೆದುಕೊಂಡ.

"ಹಾಡು ಚಲೋ ಐತ್ರಿ ಮೇಡಂ. ಆದ್ರ ಸಣ್ಣದಾತು. ಇನ್ನೆರಡು ನುಡಿ ಬರೀರಿ. ಲವ್ ಬರ್ಲಿ, ಫೀಲಿಂಗ್ ಬರ್ಲಿ."

ಬರೆದೆ. ಅಲ್ಲೇ, ಮೊಬೈಲ್ ಕವರುಗಳ ಡಬ್ಬದ ಮೇಲೆ ಹಾಳೆ ಇಟ್ಟುಕೊಂಡು, ಚಹಾ ಬರುವುದರೊಳಗೆ ಬರೆದು ಕೊಟ್ಟೆ.

*ಬಾರೋ ಗೆಳೆಯ ನೀ ಊರಿಗೆ,*
*ದೀಪ ಹಚ್ಚೀನಿ ನೀರಿಗೆ.*

ನೀರಿಗೆ ಯಾಕೆ ದೀಪ ಹಚ್ಚಬೇಕು ಎಂದು ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಊರಿಗೆ ಎಂಬುದಕ್ಕೆ ಪ್ರಾಸ ಬೇಕಿತ್ತು, ನೀರು ಸಿಕ್ಕಿತು. ಈ ಎರಡು ನುಡಿಗಳ ಪ್ರಸಾದದಿಂದ ಹಾಡಿನ ಕೆಳಗೆ 'ಸಾಹಿತ್ಯ' ಎಂದು ನನ್ನ ಹೆಸರು ಬಂತು. ಒಬ್ಬರು ಅದರ ಬಗ್ಗೆ ಲೇಖನ ಬರೆದು, ನೀರಿನ ದೀಪ ಹೆಣ್ಣಿನ ಅಂತರಂಗದ ಸಂಕೇತ ಎಂದೂ ಹೇಳಿದರು. ನಾನು ಅವರಿಗೆ ಫೋನ್ ಮಾಡಿ ಧನ್ಯವಾದ ಹೇಳಿದೆ.

"ಕಡೀಗೆ ಒಂದು ಹೆಸರು, ಒಂದು ಊರು ಇರಾಕ ಬೇಕ್ರಿ," ಎಂದ ಸ್ಟುಡಿಯೋದವನು. "ಇಲ್ಲಂದ್ರ ಹಾಡು ಮುಗದಂಗ ಅನಸಂಗಿಲ್ಲ."

ನಮ್ಮ ಈ ಹೊಸ ಜಾನಪದದ ಕಟ್ಟಳೆ ಅದು. ಕೊನೆಯ ನುಡಿಯಲ್ಲಿ ಬರೆದವನ ಹೆಸರು, ಹಾಡಿದವನ ಊರು, ಅವನ ಗೆಳೆಯರ ಬಳಗ, ಕೆಲವರದರಲ್ಲಿ ಟ್ರ್ಯಾಕ್ಟರಿನ ಹೆಸರೂ ಇರುತ್ತದೆ. ನಾನು ಮದುವೆಯಾಗದ ಹುಡುಗಿ, ಯಾರ ಹೆಸರು ಇಡಲಿ? ಯಾವ ಹುಡುಗನ ಹೆಸರಿಟ್ಟರೂ ಅಪ್ಪ ಕಾಲು ಮುರಿಯುತ್ತಿದ್ದ. ಹಾಗಾಗಿ ಚಿಗವ್ವ ಹೇಳುತ್ತಿದ್ದ ಹೆಸರನ್ನೇ ಇಟ್ಟು, ಅದರ ಮುಂದೆ ನಮ್ಮೂರಿನ ಹೆಸರನ್ನು ಸೇರಿಸಿದೆ. ಗುರುತು ಪಕ್ಕಾ ಆಯಿತು. ನಮ್ಮೂರಿನವರಲ್ಲಿ ಆ ಹೆಸರಿನವನು ಅವನೊಬ್ಬನೇ.

ಹಾಡು ಓಡಿತು. ಓಡಿತು ಅನ್ನುವುದಕ್ಕಿಂತ ಅಟ್ಟಿಸಿಕೊಂಡು ಬಂತು ಅನ್ನಬೇಕು. ಮದುವೆ ಮೆರವಣಿಗೆಯಲ್ಲಿ, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರಿನಲ್ಲಿ, ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಜೂಸ್ ಅಂಗಡಿಯಲ್ಲಿ ಅದೇ. ನಮ್ಮ ಸೌಂಡಿನ ಸಾಹೇಬರು, ಕೊಟ್ಟೂರಿನಲ್ಲಿ ಮೋಟರ್ ವೈಂಡಿಂಗ್ ಮಾಡಿಕೊಂಡೇ ಮೈಕ್ ಸೆಟ್ ಇಟ್ಟವರು, ಆ ಹೆಸರು ಬಂದಾಗ ಬೇಸ್ ಏರಿಸುತ್ತಿದ್ದರು. ಎದೆ ಒಡೆಯುವ ಹಾಗೆ ಆ ಹೆಸರು ಬಡಿಯುತ್ತಿತ್ತು. ಜನ ಕೈ ಎತ್ತಿ ಕೂಗುತ್ತಿದ್ದರು. ಒಂದು ಎಗ್ ರೈಸ್ ಬಂಡಿಗೂ ಅದೇ ಹೆಸರು ಬಿತ್ತು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿದೆ. ತಂಡ ಕಟ್ಟಿದೆ. ಕೂದಲಿಗೆ ಬಣ್ಣ ಹಾಕಿಸಿಕೊಂಡು, ಇಳಕಲ್ ಸೀರೆ ಉಟ್ಟು, ಮೂಗಿಗೆ ಒತ್ತುವ ನತ್ತು ಸಿಕ್ಕಿಸಿಕೊಂಡು 'ಜನಪದ' ಆದೆ. ಸಂದರ್ಶನಕ್ಕೆ ಬಂದ ಹುಡುಗಿ "ಈ ಹಾಡು ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಯಾರಿದ್ದರು?" ಎಂದು ಕೇಳಿದರೆ ನೆಲ ನೋಡಿ ನಗುತ್ತಿದ್ದೆ. "ನಮ್ಮಜ್ಜಿಯಿಂದ ಬಂದ ಸಂಪತ್ತು" ಎಂದೂ ಹೇಳಿದ್ದುಂಟು. ನಮ್ಮಜ್ಜಿ ಜೀವಮಾನದಲ್ಲಿ ಒಂದು ಸಾಲು ಹಾಡಿದವಳಲ್ಲ. ಬೈಯುವುದೊಂದೇ ಅವಳಿಗೆ ಬರುತ್ತಿದ್ದ ವಿದ್ಯೆ.

ಊರಿಗೆ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದೆ. ಹೊಲಕ್ಕೆ ಹೋಗುತ್ತಿರಲಿಲ್ಲ. ಚಿಗವ್ವ ನಮ್ಮ ಹೊಲಕ್ಕೆ ಬರುವುದನ್ನು ಬಿಟ್ಟಿದ್ದಾಳೆಂದು ನನಗೆ ತಿಳಿಯಲೇ ಇಲ್ಲ. ಯಾರಾದರೂ ಹೇಳಿದ್ದರೂ ಕೇಳಿಸಿಕೊಳ್ಳುತ್ತಿದ್ದೆನೋ ಇಲ್ಲವೋ.

ಏಳನೆಯ ವರ್ಷ ನೀಲಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ಕಾರ್ಯಕ್ರಮ. ಸಂಜೆ ಇನ್ನೂ ಬಿಸಿಲಿತ್ತು. ನಿರೂಪಕ ನನ್ನನ್ನು ರಾಣಿ ಮಾಡಿ ಮುಗಿಸಿ, "ಈಗ ಒಂದು ವಿಶೇಷ! ಈ ಹಾಡಿನ ನಿಜವಾದ ನಾಯಕ ನಮ್ಮ ನಡುವೆ ಇದ್ದಾರೆ!" ಎಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಕೆಂಪು ಟವೆಲು, ಮೀಸೆಗೆ ಕರಿ ಬಣ್ಣ ಹಾಕಿಕೊಂಡ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಬಂದ. ಶಾಲು ಹೊದಿಸಿದರು. ನಾನು ಹಾಡಿದೆ. ಹೆಸರು ಬಂದಾಗ ಅವನು ಎರಡೂ ಕೈ ಎತ್ತಿ ನಾಲ್ಕೂ ದಿಕ್ಕಿಗೆ ತಿರುಗಿದ. ಜನ ಹುಚ್ಚೆದ್ದರು. ಇದೇನೋ ತಮಾಷೆ ಎಂದುಕೊಂಡು ನಾನೂ ನಗುತ್ತ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ.

ಕೆಳಗಿಳಿದ ಮೇಲೆ ಅವನು ಕೈ ಮುಗಿದ.

"ಗುರ್ತ ಸಿಗಲಿಲ್ಲೇನ್ರಿ ತಂಗಿ? ನಿಮ್ಮೂರಾಂವ ನಾನು. ನನ್ನ ಹೆಂಡ್ತಿ ನಿಮ್ಮ ಹೊಲಕ್ಕ ಬರ್ತಿದ್ಲಲ್ರಿ. ಆಕಿ ಕರದ್ಲು, ನೀವು ಹಾಡಿದ್ರಿ, ನಾ ಬಂದೆ. ಆರು ವರ್ಷ ಆತು ಬಂದು."

ನನ್ನ ಕೈಯಲ್ಲಿದ್ದ ಹಣ್ಣಿನ ಬುಟ್ಟಿ ಜಾರಿತು. ಸೇಬು ಉರುಳಿದವು. ಅವನೇ ಬಗ್ಗಿ ಆರಿಸಿಕೊಟ್ಟ.

ಮರುದಿನ ಊರಿಗೆ ಹೋಗಿ ಅವ್ವನನ್ನು ಕೇಳಿದೆ.

"ಬಂದಾನಲ್ಲ," ಎಂದಳು ಅವ್ವ, ಅಕ್ಕಿ ಆರಿಸುತ್ತ. "ಆಕಿ ಬಾಗ್ಲಾಗ ನಿಂತು ಒಲ್ಲೆ ಅಂದ್ಲು. ಆದ್ರ ಹಿರ್ಯಾರು ಕೇಳಬೇಕಲ್ಲ? ಊರ ತುಂಬ ಕರದು ಹಾಡಿಸೀ, ಈಗ ಬಂದ್ರ ಒಲ್ಲೆ ಅಂತೀ, ಇದ್ಯಾವ ನ್ಯಾಯ ಅಂದ್ರು. ಇರಾಕ ಬಿಟ್ಲು. ಪಾಪ, ಆವತ್ತಿನಿಂದ ಆಕಿ ಹಾಡಿದ್ದು ಯಾರೂ ಕೇಳಿಲ್ಲ."

"ನನಗ್ಯಾಕ ಹೇಳಲಿಲ್ಲ ನೀನು?"

"ಹೇಳಿದ್ನೆವ್ವಾ. ನೀ ಫೋನಿನಾಗ ಹೂಂ ಹೂಂ ಅಂದಿ."

ಚಿಗವ್ವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕಬ್ಬಿಣದ ಮಂಚ ಹಾಕಿಕೊಂಡು ಅವನು ಮಲಗಿದ್ದ. ಎದೆಯ ಮೇಲೆ ಮೊಬೈಲು, ಅದರಲ್ಲಿ ನನ್ನದೇ ದನಿ ಬಾರೋ ಗೆಳೆಯ ಎಂದು ಕರೆಯುತ್ತಿತ್ತು. ನನ್ನ ದನಿ ಅಷ್ಟು ಅಸಹ್ಯವಾಗಿದೆ ಎಂದು ಆವತ್ತೇ ಗೊತ್ತಾದದ್ದು. ಒಳಗೆ ಗೋಡೆಯ ಮೇಲೆ ಅವನ ಶಾಲು ಹೊದ್ದ ಫೋಟೋಗಳು. ಚಿಗವ್ವ ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು.

"ಬಾ ಯವ್ವಾ, ಕುಂದ್ರು," ಎಂದಳು. ಮುಖ ಎತ್ತಲಿಲ್ಲ.

ನಾನು ನೆಲದ ಮೇಲೆ ಕೂತೆ. ತಪ್ಪಾಯಿತು ಎಂದೆ. ನೀನು ಅವನಿಗಾಗಿ ಹಾಡುತ್ತಿದ್ದೀ ಎಂದು ತಿಳಿದಿದ್ದೆ ಎಂದೆ. ಒಡಪು ಎಂದುಕೊಂಡಿದ್ದೆ ಎಂದೂ ಹೇಳಿದೆ. ಒಡಪು ಎಂದ ಕೂಡಲೇ ಅವಳ ಕೈ ನಿಂತಿತು. ನನ್ನನ್ನು ನೋಡಿದಳು. ಅಂಥ ತಾತ್ಸಾರವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ. ಬೇರೆಯವರನ್ನು ತಾತ್ಸಾರದಿಂದ ನೋಡುವುದರಲ್ಲಿ ನಾನೇ ದೊಡ್ಡವಳು ಎಂದುಕೊಂಡಿದ್ದೆ.

"ಹೆಸರು ಬರೂ ಹೊತ್ತಿಗೆ ನಮ್ಮ ಕೈ ನೋಡಿದ್ದೇನು ನೀನು?"

"ಇಲ್ಲ ಚಿಗವ್ವ."

"ಕುರ್ಚಿ ಮ್ಯಾಲೆ ಕುಂತಾಕಿಗೆ ಹೆಂಗ ಕಾಣ್ತೈತಿ."

ಎದ್ದು ನನ್ನನ್ನು ಬಚ್ಚಲ ನೀರು ಹರಿಯುವ ಕಡೆ ಕರೆದೊಯ್ದಳು. ಅಲ್ಲಿ ಜೇಕು ಬೆಳೆದಿತ್ತು. ಜೇಕು ಅಂದರೆ ಈರುಳ್ಳಿ ಮಡಿಗಳಿಗೆ ಹತ್ತಿದ ರೋಗದಂಥ ಹುಲ್ಲು. ಮೇಲೆ ನಾಲ್ಕು ಎಲೆ, ಕೆಳಗೆ ಗಟ್ಟಿ ಗಡ್ಡೆ. ಎಲೆ ಕಿತ್ತರೆ ಮೂರನೆಯ ದಿನ ಮತ್ತೆ ಹಾಜರಾಗುತ್ತದೆ. ಚಿಗವ್ವ ಕುಕ್ಕರಗಾಲಲ್ಲಿ ಕೂತು ತೋರಿಸಿದಳು. ಹಾಡಿನ ನುಡಿಗಳು ನಡೆಯುವಾಗ ಮೆತ್ತನೆಯ ಕಳೆ ಕೈಗೆ ಬಂದಷ್ಟು ಬರುತ್ತದೆ. ಜೇಕು ಸಿಕ್ಕರೆ ಬುಡಕ್ಕೆ ಬೆರಳು ಇಳಿಸಿ, ಮಣ್ಣು ಸಡಿಲಿಸಿ, ಹಿಡಿದುಕೊಂಡು ಕಾಯಬೇಕು. ಸಾಲಿನವರೆಲ್ಲ ಕಾಯುತ್ತಾರೆ. ಕೊನೆಯ ನುಡಿ ಬಂದು ಹೆಸರು ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಕಿತ್ತು, ನೋಡದೆ, ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಾರೆ.

ಅವಳು ಹೆಸರು ಹೇಳಲಿಲ್ಲ. ಬರೀ ಕಿತ್ತು ಒಗೆದಳು. ಗಡ್ಡೆ ಸಮೇತ ಬಂದ ಜೇಕು ಹಿಂದಿನ ಗೋಡೆಗೆ ಬಡಿದು ಬಿತ್ತು.

"ಯಾರ ಸಿಟ್ಟು ಯಾರ ಮ್ಯಾಲೆ ಇರ್ತೈತೋ ಅವರ ಹೆಸರು ಹಾಕ್ತೀವಿ. ಒಬ್ಬಾಕಿ ಅತ್ತಿ ಹೆಸರು, ಒಬ್ಬಾಕಿ ಮೈದುನನ ಹೆಸರು. ನಿಮ್ಮಪ್ಪನ ಹೆಸರೂ ಬಿದ್ದೈತಿ, ಬಿಸಲಾಗ ನೀರ ಕುಡಿಯಾಕ ಬಿಡದ ದಿನ. ಆದ್ರ ಹೊಲದಾಗ ಹೇಳಿದ ಹೆಸರು ಹೊಲದಾಗ ಇರಬೇಕು. ಬದು ದಾಟಬಾರದು. ನಮ್ಮ ಸಾಲಿನ್ಯಾಗ ಯಾರೂ ದಾಟಿಸಿಲ್ಲ. ನೀನ ಮೊದಲನೇಕಿ."

ನಾನು ಗೋಡೆಯ ಬುಡದಲ್ಲಿ ಬಿದ್ದಿದ್ದ ಜೇಕನ್ನು ಎತ್ತಿಕೊಂಡೆ.

"ಹನ್ನೆರಡು ವರ್ಷ ಕಿತ್ತೀನಿ ಯವ್ವಾ ಅವನ್ನ," ಎಂದಳು. "ಮೊದಲು ಮೊದಲು ಹೆಸರು ಹೇಳಿದ್ರ ಎದಿ ಉರೀತಿತ್ತು. ಆಮ್ಯಾಲೆ ಸುಮ್ನ ಹೆಸರಾತು. ಕಡೀಕಡೀಗೆ ನಗು ಬರ್ತಿತ್ತು. ಇನ್ನೇನು ಗಡ್ಡಿ ಸಮೇತ ಬಂದಿದ್ದ. ನೀ ತಂದು ಮತ್ತ ನಟ್ಟಿ."

ಕಟ್ಟೆಯ ಮೇಲಿನಿಂದ ಅವನು ಚಹಾ ಎಂದು ಕೂಗಿದ. ಅವಳು ಎದ್ದಳು.

"ನೀ ಕರದಿ. ನೀನ ಕಳಸು."

ಅವಳು ನನ್ನಿಂದ ಕೇಳಿದ್ದು ಅಷ್ಟೇ, ಆಗಲೂ ಈಗಲೂ. ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಅತ್ತೆ. ಕಂಡಕ್ಟರ್ ಗುರುತು ಹಿಡಿದು ಸೆಲ್ಫಿ ಕೇಳಿದ. ಕಣ್ಣೊರೆಸಿಕೊಂಡು ಕೊಟ್ಟೆ. ಅಂಥ ಜನ್ಮ ನನ್ನದು.

ಮೊದಲು ಸುಲಭದ ದಾರಿ ಹಿಡಿದೆ. ಹೆಸರು ತೆಗೆದು ಹಾಡನ್ನು ಮತ್ತೆ ರೆಕಾರ್ಡ್ ಮಾಡಿದೆ. ಬಾರೋ ಎನ್ನುವ ನನ್ನ ನುಡಿಗಳನ್ನೂ, ನೀರಿನ ದೀಪವನ್ನೂ ಆರಿಸಿದೆ. ಯಾರೂ ಕೇಳಲಿಲ್ಲ. ವೇದಿಕೆಯಲ್ಲಿ ಹೆಸರಿನ ಜಾಗಕ್ಕೆ ಬಂದು ಬಾಯಿ ಮುಚ್ಚಿದರೆ ಕೆಳಗಿನ ಜನವೇ ಅದನ್ನು ಇಮ್ಮಡಿ ದನಿಯಲ್ಲಿ ಕೂಗಿ ತುಂಬಿಸುತ್ತಿದ್ದರು. ಮೇಡಂ ಎಂಥಾ ಟೆಕ್ನಿಕ್ಕು ಎಂದು ಸ್ಟುಡಿಯೋದವನು ಫೋನ್ ಮಾಡಿ ಹೊಗಳಿದ. ನಾನು ಕಾರ್ಯಕ್ರಮಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಆ ಮನುಷ್ಯ ಕಡಿಮೆ ಮಾಡಲಿಲ್ಲ. ನಾನಿಲ್ಲದ ಕಡೆಯೂ ಅವನನ್ನು ಕರೆಸಿ, ಹಾಡನ್ನು ಪೆನ್ ಡ್ರೈವಿನಲ್ಲಿ ಹಾಕಿ, ಶಾಲು ಹೊದಿಸುತ್ತಿದ್ದರು. ಹೆಂಡತಿಯನ್ನು ಬಿಟ್ಟು ಓಡಿಹೋದದ್ದನ್ನು ಬಿಟ್ಟರೆ ಅವನು ಬದುಕಿನಲ್ಲಿ ಇನ್ನೇನೂ ಮಾಡಿರಲಿಲ್ಲ. ನಮ್ಮ ಐದು ತಾಲೂಕಿನಲ್ಲಿ ಸನ್ಮಾನಕ್ಕೆ ಅಷ್ಟು ಸಾಕಾಯಿತು.

ಹೀಗೆ ಮೂರು ವರ್ಷ ಕಳೆದವು. ಆಮೇಲೆ ಕೂಡ್ಲಿಗಿಯಲ್ಲಿ ಮಹಿಳಾ ಸಂಘಗಳ ಸಮಾವೇಶ. ಹಳ್ಳಿಗಳಿಂದ ಟೆಂಪೋ, ಆಟೋಗಳಲ್ಲಿ ಹೆಂಗಸರನ್ನು ತುಂಬಿ ತಂದಿದ್ದರು. ವೇದಿಕೆಯ ಮೇಲೆ ಹದಿನಾಲ್ಕು ಜನ ಗಂಡಸರು ಕೂತು ಮಹಿಳೆಯರ ಶಕ್ತಿಯ ಬಗ್ಗೆ ಒಬ್ಬರಾದ ಮೇಲೆ ಒಬ್ಬರು ಮಾತನಾಡಿದರು. ಹದಿನೈದನೆಯವನಾಗಿ ಅವನೂ ಕೂತಿದ್ದ, ಟವೆಲು ಸರಿಮಾಡಿಕೊಳ್ಳುತ್ತ. ಊಟಕ್ಕೆ ಮುಂಚೆ ನನ್ನ ಹಾಡು.

ನಾನು ಹಾಡಲಿಲ್ಲ. ಮೈಕ್ ಹಿಡಿದು ಹೇಳಿದೆ. ಈ ಹಾಡು ನಾನು ಬರೆದದ್ದಲ್ಲ, ಕೇಳದೆ ಒಯ್ದದ್ದು. ಇದು ಒಡಪಲ್ಲ, ಪ್ರೀತಿಯ ಹಾಡಂತೂ ಅಲ್ಲವೇ ಅಲ್ಲ. ಇದು ಕಳೆ ಕೀಳುವ ಹಾಡು. ಇದರಲ್ಲಿ ಹೆಸರು ಬಂದಾಗ ಹೀಗೆ ಮಾಡುತ್ತಾರೆ ಎಂದು ವೇದಿಕೆಯ ಮೇಲೆಯೇ ಕುಕ್ಕರಗಾಲಲ್ಲಿ ಕೂತು, ಇಲ್ಲದ ಜೇಕನ್ನು ಕಿತ್ತು, ಹೆಗಲ ಮೇಲಿಂದ ಒಗೆದು ತೋರಿಸಿದೆ. ಇಳಕಲ್ ಸೀರೆ ಹರಿಯಿತು. ಚಿಗವ್ವನ ಹೆಸರನ್ನು ಹೇಳಲಿಲ್ಲ, ಅವನ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಎದ್ದು ಸೆರಗು ಸರಿಮಾಡಿಕೊಂಡೆ. ಆಮೇಲೆ ಚಪ್ಪಾಳೆ! ಹದಿನಾಲ್ಕೂ ಗಂಡಸರು ಎದ್ದು ನಿಂತು ತಟ್ಟಿದರು. ಅವನೂ ತಟ್ಟಿದ. ಮುಂದಿನ ಸಾಲಿನ ಹುಡುಗರು ನಾನು ಮಾಡಿದ್ದನ್ನು ಫೋನಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಅದು ಸ್ಟೆಪ್ಪಾಯಿತು. ಬಗ್ಗುವುದು, ಕೀಳುವುದು, ಒಗೆಯುವುದು. ವಾರದೊಳಗೆ ಮದುಮಕ್ಕಳು, ಕಾಲೇಜು ಹುಡುಗಿಯರು, ಪೊಲೀಸ್ ಬಟ್ಟೆ ತೊಟ್ಟವರು ಕೂಡ ಅದನ್ನು ಕುಣಿದು ರೀಲ್ಸ್ ಹಾಕಿದರು. ಅವನೂ ಹಾಕಿದ. ತನ್ನ ಹೆಸರು ಬಂದಾಗ ತಾನೇ ಬಗ್ಗಿ, ತನ್ನನ್ನೇ ಕಿತ್ತು, ತನ್ನ ಹೆಗಲ ಮೇಲಿಂದ ಒಗೆದುಕೊಂಡು ಹಲ್ಲು ಕಿರಿದ.

ನಾನು ಫೋನ್ ಸ್ವಿಚ್ ಆಫ್ ಮಾಡಿ ಮಲಗಿದೆ. ಸತ್ಯ ಹೇಳಿದರೆ ಅದನ್ನೂ ಕುಣಿಯುವ ಜನಕ್ಕೆ ಇನ್ನೇನು ಹೇಳಲಿ?

ಆದರೆ ನಾನು ಲೆಕ್ಕಕ್ಕೆ ಹಿಡಿಯದವರು ಅಲ್ಲಿದ್ದರು. ಟೆಂಪೋಗಳಲ್ಲಿ ಬಂದ ಆ ಹೆಂಗಸರು. ಅವರಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ ಎಂದು ನನಗೆ ಆಮೇಲೆ ನೆನಪಾಯಿತು. ಅವರೂ ಮಡಿಗಳಲ್ಲಿ ಕಳೆ ಕೀಳುವವರೇ, ಅವರಿಗೆ ನಾನು ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಆ ಹೆಸರು ಯಾವ ಬಗೆಯ ಹೆಸರು ಎಂಬುದಷ್ಟೇ ಅವರಿಗೆ ಗೊತ್ತಿರಲಿಲ್ಲ, ಅದು ಗೊತ್ತಾಯಿತು.

ಅವ್ವ ಫೋನಿನಲ್ಲಿ ಹೇಳುತ್ತಿದ್ದಳು. ಈ ಸಲ ನಾನು ಕಿವಿಗೊಟ್ಟು ಕೇಳಿದೆ. ಹಿಟ್ಟಿನ ಗಿರಣಿಯ ಮುಂದೆ ಅವನು ಹಾದುಹೋದರೆ ಅಲ್ಲಿ ಕೂತ ಹೆಂಗಸರು ಮಾತು ನಿಲ್ಲಿಸಿ ಹೆಗಲ ಮೇಲಿಂದ ಕೈ ಒಗೆಯುತ್ತಿದ್ದರಂತೆ. ನಲ್ಲಿಯ ಹತ್ತಿರ ಹಾಗೇ. ಕೊಟ್ಟೂರಿನ ಬಸ್ಸಿನಲ್ಲಿ ಹಾಗೇ. ಮೊದಮೊದಲು ಅವನು ಖುಷಿಯಾಗಿ ಅವರಿಗೂ ಹಾಗೇ ಒಗೆದು ತೋರಿಸುತ್ತಿದ್ದನಂತೆ, ಅಭಿಮಾನಿಗಳು ಎಂದುಕೊಂಡು. ಆಮೇಲೆ ಒಂದು ದಿನ ಕೊಟ್ಟೂರಿನ ಕಾರ್ಯಕ್ರಮಕ್ಕೆ ಹೋದ. ಅಲ್ಲಿಯದನ್ನು ನನಗೆ ಹೇಳಿದವರು ಸೌಂಡಿನ ಸಾಹೇಬರು.

"ಕರೆಂಟ್ ಹೋತ್ರಿ ಅಕ್ಕಾರ. ಹಾಡಿಲ್ಲ, ಬೇಸಿಲ್ಲ. ಅವ ಶಾಲು ಹೊದ್ದು ನಿಂತಾನ. ಮುಂದ ಕುಂತ ಹೆಣ್ಮಕ್ಕಳೆಲ್ಲ ಅವನ್ನ ನೋಡಿಕೋಂತ ಒಮ್ಮಿಗೇ ಕೈ ಒಗದ್ರು. ಒಬ್ರೂ ನಗಲಿಲ್ರಿ."

ಮೂರನೆಯ ದಿನ ಅವನು ಹರಪನಹಳ್ಳಿ ಬಸ್ಸು ಹತ್ತಿದ. ಮಂಚ ಬಿಟ್ಟ, ಫೋಟೋ ಬಿಟ್ಟ. ಶಾಲುಗಳನ್ನು ಮಾತ್ರ ಗಂಟು ಕಟ್ಟಿ ಒಯ್ದನಂತೆ.

ಅದರ ಮುಂದಿನ ಈರುಳ್ಳಿಗೆ ಅವ್ವ ಫೋನ್ ಮಾಡಿ ಚಿಗವ್ವ ನಮ್ಮ ಹೊಲಕ್ಕೆ ಸಾಲು ಕಟ್ಟಿಕೊಂಡು ಬಂದಿದ್ದಾಳೆ ಎಂದಳು. ನಾನು ಮೊದಲ ಬಸ್ಸಿಗೆ ಹೊರಟೆ. ಹೊಲದ ದಾರಿಯಲ್ಲಿ ನಡೆಯುವಾಗಲೇ ಕೇಳಿಸಿತು. ಹನ್ನೊಂದು ವರ್ಷದ ಮೇಲೆ, ಅದೇ ದನಿ. ಸ್ವಲ್ಪ ಒಡೆದಿತ್ತು, ಆದರೆ ಅದೇ. ಸಾಲು ಸಾಲಿಗೆ ಬಂದಿ, ಸಂದಿ ಸಂದಿಗೆ ನಿಂದಿ. ಅವಳು ಹಾಡುತ್ತಿದ್ದಾಳೆ ಎಂಬ ಸಂತೋಷದಲ್ಲಿ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅವಳು ಹೇಳಿದ್ದನ್ನು ನಡೆಸಿಕೊಟ್ಟೆ ಎಂದುಕೊಂಡೆ. ಬೇವಿನ ಮರ ದಾಟಿ ಬದುವಿನ ಮೇಲೆ ಬಂದು ನಿಂತೆ.

ಕೊನೆಯ ನುಡಿ ಬಂತು. ಸಾಲಿನ ಕೈಗಳೆಲ್ಲ ಮಣ್ಣಿನೊಳಗೆ ಕಾಯುತ್ತಿದ್ದವು. ಈ ಸಲ ನಾನು ಕೈಗಳನ್ನೇ ನೋಡುತ್ತಿದ್ದೆ. ಹೆಸರು ಬಿತ್ತು.

ಅದು ನನ್ನ ಹೆಸರು.

ಹನ್ನೊಂದು ಕೈ ಕಿತ್ತವು, ಹನ್ನೊಂದು ಜೇಕು ಹೆಗಲು ದಾಟಿ ಬಂದವು. ಒಂದು ನನ್ನ ಕಾಲಿನ ಹತ್ತಿರ ಮಣ್ಣು ಸಮೇತ ಬಿತ್ತು. ಆಮೇಲೆ ಆ ನಗು. ಇಷ್ಟು ವರ್ಷದಲ್ಲಿ ಯಾವ ನಿರೂಪಕನೂ ನನ್ನ ಹೆಸರನ್ನು ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಮೊದಲು ನನಗೆ ಸಿಟ್ಟು ಬಂತು, ನೆತ್ತಿಗೆ ಏರುವಂಥ ಸಿಟ್ಟು. ಅವನನ್ನು ಕಳಿಸಿದವಳು ನಾನಲ್ಲವೇ? ಹೌದೋ? ಗಿರಣಿಯ ಮುಂದೆ ಕೈ ಒಗೆದವಳು ನಾನೋ? ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಅಲ್ಲೇ ನಿಂತೆ.

ಅವರು ನನ್ನನ್ನು ನೋಡಿದರು. ಯಾರೂ ಗಾಬರಿಯಾಗಲಿಲ್ಲ. ಚಿಗವ್ವ ಪಕ್ಕದ ಮಡಿಯ ಕಡೆ ಕೈ ತೋರಿಸಿದಳು.

"ಬಂದೇನು? ಬದುವಿನ ಮ್ಯಾಲೆ ನಿಂದರಬ್ಯಾಡ. ಸಾಲು ಹಿಡಿ."

ಚಪ್ಪಲಿ ಬಿಟ್ಟು ಇಳಿದೆ. ಕುಕ್ಕರಗಾಲಲ್ಲಿ ಕೂತೆ. ಐದು ನಿಮಿಷಕ್ಕೆ ಸೊಂಟ ಹಿಡಿಯಿತು, ತೊಡೆ ನಡುಗಿತು. ಹಾಡು ಮೊದಲಿನಿಂದ ಎದ್ದಿತು. ಎಲ್ಲರ ಜೊತೆ ನಾನೂ ಎತ್ತಿಕೊಂಡೆ. ನನ್ನ ದನಿ ಅವರೆಲ್ಲರ ದನಿಯೊಳಗೆ ಎಲ್ಲಿ ಹೋಯಿತೋ ನನಗೇ ಕೇಳಿಸಲಿಲ್ಲ. ಕೈಗೆ ಒಂದು ಜೇಕು ಸಿಕ್ಕಿತು. ಹಿಡಿದು ಕಾದೆ. ಹೆಸರು ಬಂದಾಗ ನಾನೂ ನನ್ನ ಹೆಸರು ಹೇಳಿ ಎಳೆದೆ. ಎಲೆಗಳಷ್ಟೇ ಕಿತ್ತು ಬಂದವು.

ಚಿಗವ್ವ ತಿರುಗಿ ಕೂಡ ನೋಡಲಿಲ್ಲ.

"ಮ್ಯಾಲ ಹಿಡದ್ರ ಬರಂಗಿಲ್ಲವ್ವಾ," ಎಂದಳು. "ಬುಡಕ್ಕ ಕೈ ಹಾಕು."

ಬೆರಳುಗಳನ್ನು ಮಣ್ಣಿಗೆ ಇಳಿಸಿದೆ. ಅಷ್ಟರಲ್ಲಿ ಸಾಲು ಮತ್ತೆ ಮೊದಲ ನುಡಿ ಎತ್ತಿಕೊಂಡಿತ್ತು.